ಸಾಲುಮನೆಗಳ ಮಾದರಿಗೆ ಸ್ಕೆಚ್‌ಅಪ್: ಐದು ವರ್ಷಗಳ ಬಳಕೆಯ ಅನುಭವ

ಉಡುಪಿಯ ರಥಬೀದಿಗೆ ಸಮೀಪದ ಓಣಿಯೊಂದರಲ್ಲಿ ಗೋಡೆಗೆ ಗೋಡೆ ಹೊಂದಿಕೊಂಡು ನಿಂತಿರುವ ಒಂಬತ್ತು ಹಂಚಿನ ಮನೆಗಳನ್ನು ಮೂರು ಆಯಾಮದ ಡಿಜಿಟಲ್ ಮಾದರಿಗಳಾಗಿ ಕಟ್ಟಿ, ಪರಿಶೀಲಕರ ಒಪ್ಪಿಗೆಯ ಬಳಿಕವೇ ಮಾದರಿಗಳನ್ನು ಪ್ರಕಟಿಸುವ ಸಂಗ್ರಹವೊಂದಕ್ಕೆ ಸೇರಿಸಬೇಕೆಂದು ನಾನು ಐದು ವರ್ಷಗಳ ಹಿಂದೆ ಸ್ಕೆಚ್‌ಅಪ್ ಕಲಿತೆ. ಒಂಟಿ ಮನೆಗೆ ಇದಕ್ಕಿಂತ ಸುಲಭವಾದ ತಂತ್ರಾಂಶವನ್ನು ನಾನು ಕಂಡಿಲ್ಲ. ನೆಲದ ಮೇಲೆ ಆಯತ ಬರೆದು ಪುಶ್-ಪುಲ್‌ನಿಂದ ಮೇಲೆತ್ತಿದರೆ ಗೋಡೆಗಳು ಎದ್ದು ನಿಲ್ಲುತ್ತವೆ.

ಸಾಲುಮನೆಯ ಕಷ್ಟವಿರುವುದು ಅಕ್ಕಪಕ್ಕದ ಎರಡು ಮನೆಗಳಿಗೂ ಸೇರಿದ ಪಾಲುಗೋಡೆಯಲ್ಲಿ. ಸ್ಕೆಚ್‌ಅಪ್‌ನಲ್ಲಿ ಒಂದಕ್ಕೊಂದು ತಾಗಿದ ರೇಖೆಗಳೂ ಮೇಲ್ಮೈಗಳೂ ಅಂಟಿಕೊಳ್ಳುವುದರಿಂದ ಒಂದು ಮನೆಯನ್ನು ಸರಿಸಿದರೆ ನೆರೆಮನೆಯೂ ಸೊಟ್ಟಗಾಗುತ್ತದೆ. ಹಾಗಾಗದಂತೆ ನಾನು ಪ್ರತಿ ಮನೆಯನ್ನೂ ಪ್ರತ್ಯೇಕ ಗ್ರೂಪ್ ಮಾಡಿ, ಎರಡಕ್ಕೂ ಪಾಲುಗೋಡೆಯ ಪೂರ್ತಿ ದಪ್ಪವನ್ನು ಕೊಟ್ಟಿದ್ದೆ. ಆಗ ಮುಂಭಾಗದಲ್ಲಿ ಅದೇ ಪಟ್ಟಿ ಒಂದರ ಮೇಲೊಂದು ಎರಡು ಸಲ ಬಂದು, ದೃಶ್ಯವನ್ನು ತಿರುಗಿಸಿದಾಗಲೆಲ್ಲ ಮಿನುಗತೊಡಗಿತು, ಮಾದರಿ ತಿರಸ್ಕೃತವಾಯಿತು. ಪರಿಶೀಲಕರು ಕೊಟ್ಟದ್ದು ಒಂದೇ ಸಾಲಿನ ಕಾರಣ. ಅದರ ಅರ್ಥ ತಿಳಿಯಲು ನನಗೆ ಎರಡು ವಾರ ಹಿಡಿಯಿತು. ಈಗ ಗೋಡೆಯ ನಡುರೇಖೆಯಲ್ಲೇ ಎರಡು ಮನೆಗಳನ್ನು ಬೇರ್ಪಡಿಸುತ್ತೇನೆ, ಒಳಗೆ ಅಡಗುವ ಮೇಲ್ಮೈಗಳನ್ನು ಅಳಿಸುತ್ತೇನೆ, ಎತ್ತರದ ಮನೆಯ ಗೋಡೆಯಲ್ಲಿ ನೆರೆಮನೆಯ ಮಾಡಿನಿಂದ ಮೇಲೆ ಕಾಣುವ ಭಾಗವನ್ನಷ್ಟೇ ಉಳಿಸುತ್ತೇನೆ. ಮಾದರಿಯಲ್ಲಿನ ಬಿರುಕು ಹುಡುಕಿಕೊಡುವ ಸಾಲಿಡ್ ಇನ್ಸ್‌ಪೆಕ್ಟರ್ ಎಂಬ ವಿಸ್ತರಣೆಯನ್ನು (ಸ್ಕೆಚ್‌ಅಪ್‌ಗೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಈ ಅಳಿಸುವಿಕೆಗೆ ಮೊದಲೇ ಓಡಿಸಬೇಕು, ಏಕೆಂದರೆ ಆಮೇಲೆ ಅದು ತೆರೆದ ಬದಿಯನ್ನೇ ದೋಷವೆಂದು ತೋರಿಸುತ್ತದೆ.

ಛಾಯಾಚಿತ್ರದ ಕೋನಕ್ಕೆ ಮಾದರಿಯನ್ನು ಹೊಂದಿಸಿ, ಆ ಚಿತ್ರವನ್ನೇ ಗೋಡೆಗಳಿಗೆ ಹೊದಿಸಲು ನೆರವಾಗುವ ಮ್ಯಾಚ್ ಫೋಟೋ ಸೌಲಭ್ಯವನ್ನು ನಾನು ತುಂಬ ಮೆಚ್ಚುತ್ತೇನೆ. ಅದಕ್ಕೆ ಕತ್ತರಿಸದ ಚಿತ್ರವೂ, ಕಟ್ಟಡದ ಎರಡು ದಿಕ್ಕುಗಳ ಅಂಚುಗಳೂ ಬೇಕು. ಸಾಲಿನ ನಡುವಿನ ಮನೆಗೆ ಕಾಣುವ ಮೂಲೆಯೇ ಇಲ್ಲವಾದ್ದರಿಂದ, ರಸ್ತೆಯತ್ತ ಚಾಚಿಕೊಂಡ ಜಗಲಿಯ ಪಕ್ಕದ ಅಂಚನ್ನು ಎರಡನೆಯ ದಿಕ್ಕಾಗಿ ಹಿಡಿದುಕೊಂಡೆ. ಆ ಜಗಲಿಗಳಿಲ್ಲದಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಚಿತ್ರ ತೆಗೆಯುವ ಹೊತ್ತೂ ಮುಖ್ಯ. ಬಿಸಿಲಿನಲ್ಲಿ ಮಾಡಿನ ನೆರಳು ಗೋಡೆಯ ಮೇಲೆ ಕಪ್ಪು ಪಟ್ಟಿಯಾಗಿ ಅಚ್ಚಾಗುತ್ತದೆ. ಮಳೆಗಾಲದ ನಂತರ ಗೋಡೆಗಳಲ್ಲಿ ಪಾಚಿಯ ಕಲೆ ಉಳಿದಿರುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣ ಮಠದ ಪರ್ಯಾಯ ಉತ್ಸವದ ಸುಮಾರಿಗೆ ಅಲಂಕಾರವು ಮನೆಗಳ ಮುಂಭಾಗವನ್ನು ಮರೆಮಾಡುತ್ತದೆ. ತೆಳು ಮೋಡ ಕವಿದ ಬೆಳಗ್ಗೆಯೇ ನನಗೆ ಒಳ್ಳೆಯ ಚಿತ್ರಗಳು ಸಿಕ್ಕಿದವು. ಮಂಗಳೂರು ಹಂಚಿನ ಮಾಡಿಗೆ ಮಾತ್ರ ಕೆಲವೇ ಹಂಚುಗಳ ಚಿತ್ರವನ್ನು ಮರುಕಳಿಸಿದರೆ ಸಾಕು, ಕಡತವೂ ಚಿಕ್ಕದಾಗಿರುತ್ತದೆ.

ವೆಚ್ಚದ ವಿಚಾರವನ್ನು ಹೊಸಬರು ಮೊದಲೇ ಯೋಚಿಸಬೇಕು. ಕಂಪ್ಯೂಟರಿನಲ್ಲಿ ಸ್ಥಾಪಿಸಬಹುದಾದ ಕೊನೆಯ ಉಚಿತ ಆವೃತ್ತಿ ಸ್ಕೆಚ್‌ಅಪ್ ಮೇಕ್ 2017. ಈಗ ಬ್ರೌಸರಿನಲ್ಲಿ ಉಚಿತವಾಗಿ ಸಿಗುವ ಆವೃತ್ತಿಗೆ ವಿಸ್ತರಣೆಗಳನ್ನು ಸೇರಿಸಲು ಬರುವುದಿಲ್ಲ. ನಾನು ಹಣ ಕೊಟ್ಟೇ ಬಳಸುತ್ತಿದ್ದೇನೆ, ಈ ಕೆಲಸಕ್ಕೆ ಅದು ದುಬಾರಿಯೆನಿಸಿಲ್ಲ.

ಎಂಟು ಮನೆಗಳು ಸ್ವೀಕೃತವಾಗಿವೆ. ಒಂಬತ್ತನೆಯದು ಸಾಲಿನ ಕೊನೆಯ ಮನೆ, ಅದರ ಪಕ್ಕದ ಗೋಡೆ ಪೂರ್ತಿ ತೆರೆದಿದೆ, ಅದಕ್ಕೂ ನಿಜವಾದ ಚಿತ್ರವೇ ಬೇಕೆಂದು ಪರಿಶೀಲಕರು ಕೇಳಿದ್ದಾರೆ. ಮಳೆಯ ಇರಿಚಲು ತಡೆಯಲು ಮನೆಯವರು ಆ ಗೋಡೆಗೆ ಕಟ್ಟಿರುವ ಟರ್ಪಾಲನ್ನು ದೀಪಾವಳಿಯ ಹೊತ್ತಿಗೆ ಬಿಚ್ಚುವುದಾಗಿ ಹೇಳಿದ್ದಾರೆ.