ಮೀನು ಬಿಡುವ ಮೊದಲು ನೀರನ್ನೇ ಕೇಳಿ: ಎಪಿಐ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್

ಕ್ರಾಫರ್ಡ್ ಮಾರ್ಕೆಟ್ಟಿನಿಂದ ಹೊಸ ಟ್ಯಾಂಕ್ ಹೊತ್ತು ಮಾಟುಂಗಾಕ್ಕೋ ಮುಲುಂಡಿಗೋ ಬಂದವರ ಕೈಯಲ್ಲಿ ಎಷ್ಟೋ ಸಲ ಮೀನಿನ ಪ್ಲಾಸ್ಟಿಕ್ ಚೀಲವೂ ಇರುತ್ತದೆ. ನೀರು ತುಂಬಿ, ಒಂದು ದಿನ ಫಿಲ್ಟರ್ ಓಡಿಸಿದರೆ ಸಾಕು ಎಂಬ ನಂಬಿಕೆ ಅಷ್ಟು ಗಟ್ಟಿ. ಆ ಒಂದು ದಿನದಲ್ಲಿ ಹೆಚ್ಚೆಂದರೆ ಕ್ಲೋರಿನ್ ಹೋದೀತು. ಮೀನು ಹೊರಬಿಡುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದು ಮುಗಿಯಿತೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಗಾಜಿನಂತೆ ತಿಳಿಯಾದ ನೀರಿನಲ್ಲೂ ಮೀನಿಗೆ ವಿಷವಾದ ಅಮೋನಿಯಾ ಇರಬಹುದು. ಈ ಕಿಟ್ ಬೇಕಾಗುವುದು ಅಲ್ಲಿ.

ಪೆಟ್ಟಿಗೆಯಲ್ಲಿ 7 ಬಾಟಲಿ, 4 ಗಾಜಿನ ಕೊಳವೆ, ಬಣ್ಣದ ಕಾರ್ಡು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ), ಹೈ ರೇಂಜ್ ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಇಷ್ಟನ್ನು ಅಳೆಯಬಹುದು. ಪ್ರತಿ ಸಲ 5 ಮಿ.ಲೀ. ನೀರು. ಅಮೋನಿಯಾಕ್ಕೆ ಎರಡು ಬಾಟಲಿಯಿಂದಲೂ 8 ಹನಿ, ನೈಟ್ರೈಟಿಗೆ 5 ಹನಿ. ಎರಡಕ್ಕೂ 5 ನಿಮಿಷ ಕಾಯಬೇಕು. ಬಾಟಲಿಯನ್ನು ಓರೆ ಹಿಡಿಯದೆ ನೇರ ತಲೆಕೆಳಗೆ ಹಿಡಿದರೆ ಮಾತ್ರ ಹನಿಗಳು ಒಂದೇ ಗಾತ್ರದಲ್ಲಿ ಬೀಳುತ್ತವೆ.

ಜನ ಎಡವುವುದು ನೈಟ್ರೇಟ್ ಪರೀಕ್ಷೆಯಲ್ಲಿ. ಅದರ ಎರಡನೇ ಬಾಟಲಿಯ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಹೊಸ ಬಾಟಲಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿ, 30 ಸೆಕೆಂಡು ಜೋರಾಗಿ ಕುಲುಕಿ, 10 ಹನಿ ಹಾಕಿ, ಕೊಳವೆಯನ್ನು ಮತ್ತೆ ಪೂರ್ತಿ ಒಂದು ನಿಮಿಷ ಕುಲುಕಬೇಕು. ಕುಲುಕದಿದ್ದರೆ ನೈಟ್ರೇಟ್ ತುಂಬಿರುವ ನೀರೂ ಹಳದಿಯಾಗಿಯೇ, ಅಂದರೆ ಸೊನ್ನೆಯಾಗಿಯೇ ಕಾಣುತ್ತದೆ. ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಬೇಡಿ, ಮುಚ್ಚಳ ಹಾಕಿ. ಕೆಲವು ದ್ರವ ಚರ್ಮವನ್ನು ಸುಡುತ್ತವೆ.

ಬಣ್ಣ ನೋಡುವುದಕ್ಕೆ ಹಗಲು ಬೆಳಕೇ ಬೇಕು. ಹಳದಿ ಬಲ್ಬಿನಡಿ ಅಮೋನಿಯಾದ 0 ಮತ್ತು 0.25 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಂದೇ ಥರ ಕಾಣುತ್ತವೆ. ಸಂಶಯವಿದ್ದರೆ ಆರ್‌ಒ ನೀರಿನಲ್ಲಿ ಇನ್ನೊಂದು ಕೊಳವೆ ಮಾಡಿ ಪಕ್ಕದಲ್ಲಿಟ್ಟು ನೋಡಿ.

ಮೀನಿಲ್ಲದೆ ಸೈಕ್ಲಿಂಗ್, ಅಂದರೆ ಆ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ, ಮಾಡುವ ಬಗೆ ಹೀಗೆ. ಕ್ಲೋರಿನ್ ತೆಗೆದ 50 ಲೀಟರ್ ನೀರಿಗೆ ಸುಮಾರು 0.3 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ ಆಸುಪಾಸಿಗೆ ಬರುತ್ತದೆ. ನಮ್ಮ ನವಸಾಗರವೂ ಅದೇ ವಸ್ತು, ಆದರೆ ಬಜಾರಿನ ಕಲ್ಲಿನಲ್ಲಿ ಬೇರೇನು ಬೆರೆತಿದೆಯೋ. ಲ್ಯಾಬ್ ದರ್ಜೆಯದನ್ನೇ ತನ್ನಿ. ಅಮೋನಿಯಾ ಇಳಿದಾಗಲೆಲ್ಲ ಮತ್ತೆ ಹಾಕಿ. ನಡುವೆ ನೈಟ್ರೈಟ್ ಕಾರ್ಡಿನ ಕೊನೆಯ ಚೌಕ, ಅಂದರೆ 5 ಪಿಪಿಎಂ, ಮುಟ್ಟಿ ಅಲ್ಲೇ ನಿಂತಂತೆ ಕಾಣುತ್ತದೆ. ಆಗ 1 ಮಿ.ಲೀ. ಟ್ಯಾಂಕ್ ನೀರಿಗೆ 4 ಮಿ.ಲೀ. ಆರ್‌ಒ ನೀರು ಸೇರಿಸಿ ಅಳೆದು ಐದರಿಂದ ಗುಣಿಸಿದರೆ ನಿಜ ಮಟ್ಟ ಸಿಗುತ್ತದೆ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಖಾಲಿಯಾಗಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ಟ್ಯಾಂಕ್ ಸಿದ್ಧ. ಮುಕ್ಕಾಲು ಪಾಲು ನೀರು ಬದಲಿಸಿ ನೈಟ್ರೇಟ್ ತಗ್ಗಿಸಿ, ತಡಮಾಡದೆ ಮೀನು ಬಿಡಿ. ಮೀನಿಲ್ಲದೆ ಖಾಲಿ ಬಿಟ್ಟರೆ ಬ್ಯಾಕ್ಟೀರಿಯಾ ಹಸಿಯುತ್ತದೆ.

ಕಿಟ್ಟಿನ ದೊಡ್ಡ ಕೊರತೆ ಮುಂಬೈಯವರಿಗೇ ಹೆಚ್ಚು ತಟ್ಟುತ್ತದೆ: ಇದರಲ್ಲಿ ಕೆಎಚ್ (ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟಿನ ಅಳತೆ) ಪರೀಕ್ಷೆ ಇಲ್ಲ. ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಿಂದ ಬರುವ ನಗರದ ನೀರು ಮೃದು, ಅಂದರೆ ಕಾರ್ಬೊನೇಟ್ ಕಡಿಮೆ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುತ್ತಾ ನೀರಿನ ಕಾರ್ಬೊನೇಟನ್ನೂ ಖರ್ಚು ಮಾಡುತ್ತದೆ. ಅದು ಮುಗಿದರೆ ಪಿಎಚ್ ಕುಸಿದು, 6ರ ಹತ್ತಿರ ಕೆಲಸ ಹೆಚ್ಚೂಕಡಿಮೆ ನಿಂತೇಹೋಗುತ್ತದೆ. ಮೂರನೇ ವಾರದಲ್ಲಿ ಅಮೋನಿಯಾ ಅಲುಗಾಡದಿದ್ದರೆ ಮೊದಲು ಪಿಎಚ್ ನೋಡಿ. ಈ ಕಿಟ್ಟಿನ ಪಿಎಚ್ ಕಾರ್ಡು ಶುರುವಾಗುವುದೇ 6.0ರಿಂದ, ಆ ಚೌಕದ ಹಳದಿ ಬಣ್ಣ ಕಂಡರೆ ನಿಜವಾದ ಅಂಕಿ ಇನ್ನೂ ಕೆಳಗಿರಬಹುದು. 50 ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಕೆಎಚ್ ಅನ್ನು ಸುಮಾರು 4 ಡಿಗ್ರಿ ಏರಿಸುತ್ತದೆ. ಇದನ್ನು ಮೀನು ಬರುವ ಮುಂಚೆಯೇ ಸರಿಮಾಡಿಕೊಳ್ಳಿ. ಪಿಎಚ್ ಏರಿದರೆ ಅಮೋನಿಯಾದ ವಿಷವೂ ಏರುತ್ತದೆ: 28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇ. 0.7ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಶೇ. 6.5. ಕಿಟ್ ತೋರಿಸುವುದು ಒಟ್ಟು ಮೊತ್ತವನ್ನು, ಹಾಗಾಗಿ ಅಮೋನಿಯಾ, ಪಿಎಚ್ ಎರಡೂ ಅಂಕಿಗಳನ್ನು ಜೊತೆಗಿಟ್ಟೇ ಓದಬೇಕು.

ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುವುದಾದರೆ ಲೆಕ್ಕವೇ ಬೇರೆ. ಮೊದಲ ದಿನ ನಲ್ಲಿ ನೀರನ್ನೇ ಅಳೆದು ಬರೆದಿಡಿ. ನಲ್ಲಿಯಲ್ಲೇ ನೈಟ್ರೇಟ್ ಇದ್ದರೆ ಟ್ಯಾಂಕಿನ ನೈಟ್ರೇಟ್ ಕಂಡು ಸೈಕಲ್ ಮುಗಿಯಿತೆಂದು ಮೋಸಹೋಗುತ್ತೀರಿ.

ಬೆಲೆ ಹಗುರವಲ್ಲ, ಸಣ್ಣ ಟ್ಯಾಂಕಿಗಿಂತ ಕಿಟ್ಟೇ ದುಬಾರಿಯಾಗುವುದುಂಟು. ಆದರೂ ನೂರಾರು ಪರೀಕ್ಷೆಗೆ ಆಗುವುದರಿಂದ ಕಾಗದದ ಪಟ್ಟಿಗಳಿಗಿಂತ ಇದನ್ನೇ ಕೊಳ್ಳಿ. ಕೆಎಚ್ ಬಾಟಲಿ ಬೇರೆಯಾಗಿ ಸಿಗುತ್ತದೆ, ಜೊತೆಗೇ ತನ್ನಿ. ದುಡ್ಡು ಕೊಡುವ ಮೊದಲು ಬಾಟಲಿಯ ಮೇಲಿನ ಲಾಟ್ ಸಂಖ್ಯೆ ನೋಡಿ: ಕೊನೆಯ ನಾಲ್ಕು ಅಂಕಿ ತಯಾರಾದ ತಿಂಗಳು ಮತ್ತು ವರ್ಷ. 0125 ಎಂದಿದ್ದರೆ 2025ರ ಜನವರಿ. ಎರಡು ವರ್ಷಕ್ಕಿಂತ ಹಳೆಯದಾದರೆ ಬೇರೆ ಪೆಟ್ಟಿಗೆ ಕೇಳಿ.