ಬಿಳಿ ಚುಕ್ಕೆಗೆ ಕ್ಲೀನರ್ ರಾಸ್ ಮದ್ದಲ್ಲ, ನಂಬಿ ತರಬೇಡಿ

ಸಮುದ್ರದ ಮೀನು ಸಾಕುವವರು ಇದನ್ನು ಓದಿ. ಕ್ಲೀನರ್ ರಾಸ್ ಅಂದರೆ ಬೇರೆ ಮೀನುಗಳ ಮೈಮೇಲಿನ ಹುಳು ಹೆಕ್ಕಿ ತಿನ್ನುವ ಪುಟ್ಟ ಮೀನು. ಟ್ಯಾಂಕಿನಲ್ಲಿ ಬಿಳಿ ಚುಕ್ಕೆ ರೋಗ ಕಾಣಿಸಿಕೊಂಡರೆ, 'ಒಂದು ಕ್ಲೀನರ್ ರಾಸ್ ಬಿಡಿ, ಔಷಧಿ ಗಿವಷಧಿ ಏನೂ ಬೇಡ, ಅದೇ ಎಲ್ಲ ತಿಂದು ಹಾಕುತ್ತೆ' ಅಂತ ಮಾರುವವರು ಹೇಳುತ್ತಾರೆ. ನನಗೂ ಹಾಗೇ ಹೇಳಿ ಕೊಟ್ಟರು. ತಿಂಗಳು ತುಂಬುವುದರೊಳಗೆ ಚುಕ್ಕೆ ಬಂದಿದ್ದ ಟ್ಯಾಂಗ್ ಮೀನೂ ಸತ್ತಿತು, ರಾಸ್ ಕೂಡ ಸತ್ತಿತು.

ರಾಸ್ ನೋಡಲು ಚೆಂದದ ಮೀನೇ. ಬೆರಳುದ್ದದ ನೀಲಿ ಮೈ, ಬಾಲದ ಕಡೆಗೆ ಅಗಲವಾಗುತ್ತಾ ಹೋಗುವ ಕಪ್ಪು ಪಟ್ಟೆ. ಹವಳದ ದಿಬ್ಬದಲ್ಲಿ ಇದಕ್ಕೊಂದು ಕಾಯಂ ಜಾಗ. ದೊಡ್ಡ ಮೀನುಗಳು ಅಲ್ಲಿಗೇ ಬಂದು ಬಾಯಿ, ಕಿವಿರು ಅಗಲಿಸಿ ನಿಲ್ಲುತ್ತವೆ. ಇದು ಒಳಗೇ ನುಗ್ಗಿ ರಕ್ತ ಹೀರುವ ಹುಳುಗಳನ್ನು ಹೆಕ್ಕುತ್ತದೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಬಳಿ ಲೆಕ್ಕ ಹಾಕಿದಾಗ ಒಂದೊಂದು ಮೀನು ದಿನಕ್ಕೆ ಸುಮಾರು 1,200 ಹುಳು ತಿನ್ನುವುದು ಗೊತ್ತಾಗಿದೆ. ಆದರೆ ಅವು ಮೈಮೇಲೆ ಕೂರುವ ಹುಳು. ಬಿಳಿ ಚುಕ್ಕೆ ತರುವುದು ಏಕಕೋಶ ಜೀವಿ, ಚರ್ಮದ ಒಳಗೇ ಹೊಕ್ಕಿರುತ್ತದೆ. ರಾಸ್ ಬಾಯಿಗೆ ಅದೆಲ್ಲಿ ಸಿಗಬೇಕು?

ಟ್ಯಾಂಕಿನಲ್ಲಿ ಬೇಕಾದ ಹುಳು ಇಲ್ಲ. ಹಸಿದ ರಾಸ್ ಉಳಿದ ಮೀನುಗಳ ಮೈಲೋಳೆಗೇ ಬಾಯಿ ಹಾಕಿತು. ಹುಳುವಿಗಿಂತ ಲೋಳೆಯೇ ಅದಕ್ಕೆ ಜಾಸ್ತಿ ಇಷ್ಟ. ಸಮುದ್ರದಲ್ಲಾದರೆ ಕಚ್ಚಿಸಿಕೊಂಡ ಮೀನು ಅಟ್ಟಿಸಿಕೊಂಡು ಬರುತ್ತದೆ, ಇಲ್ಲವೇ ಬೇರೆ ರಾಸ್ ಹತ್ತಿರ ಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಹೋಗುವುದೆಲ್ಲಿಗೆ? ರಾಸ್ ಕಚ್ಚಿದಾಗಲೆಲ್ಲ ನಮ್ಮ ಟ್ಯಾಂಗ್ ಬೆಚ್ಚಿ ಕಲ್ಲಿನ ಸಂದಿಗೆ ಓಡುತ್ತಿತ್ತು. ಪಕ್ಕೆಯ ಮೇಲೆ ಬಣ್ಣ ಕಿತ್ತುಹೋದ ಸಣ್ಣ ಸಣ್ಣ ಮಚ್ಚೆ, ಅದರ ನಡುವೆ ಚುಕ್ಕೆಗಳು ಹಾಗೇ ಇದ್ದವು. ರಾಸ್‌ಗೆ ಒಣ ಆಹಾರ ಹಾಕಿದರೆ ಬಾಯಿಗೆ ತಗೊಂಡು ಉಗುಳುತ್ತಿತ್ತು. ಕೊನೆಕೊನೆಗೆ ಹೊಟ್ಟೆ ಒಳಕ್ಕೆ ಹೋಗಿ, ತಲೆಯ ಹಿಂದಿನ ಬೆನ್ನೆಲ್ಲ ಸೊರಗಿತ್ತು.

ಹಾಗೂ ತರಲೇಬೇಕು ಅಂದರೆ ಬಾಯಿ ನೋಡಿ. ಇದೇ ವೇಷದ ಬ್ಲೆನಿ ಮೀನೊಂದಿದೆ. ಬಣ್ಣ, ಪಟ್ಟೆ, ಕುಣಿಯುವ ರೀತಿ ಕೂಡ ಥೇಟ್ ಇದರಂತೆಯೇ. ರಾಸ್ ಬಾಯಿ ಮೂತಿಯ ತುದಿಯಲ್ಲಿರುತ್ತದೆ, ಬ್ಲೆನಿಯದು ಮೂತಿಯ ಅಡಿಯಲ್ಲಿ, ಒಳಗೆ ಕೋರೆಹಲ್ಲು ಬೇರೆ. ಅದು ಉಳಿದ ಮೀನುಗಳ ರೆಕ್ಕೆ ಕಚ್ಚಿ ತಿನ್ನುತ್ತದೆ.

ಚುಕ್ಕೆ ಬಂದರೆ ಎಲ್ಲ ಮೀನುಗಳನ್ನೂ ಬೇರೆ ಟ್ಯಾಂಕಿಗೆ ಹಾಕಿ, ತಾಮ್ರದ ಔಷಧಿಯನ್ನು ಟೆಸ್ಟ್ ಕಿಟ್‌ನಲ್ಲಿ ಅಳೆಯುತ್ತಾ ಕೊಡಿ. ಹವಳ, ಸೀಗಡಿ ಇರುವ ಟ್ಯಾಂಕಿಗೆ ಮಾತ್ರ ಅದನ್ನು ಸುರಿಯಬೇಡಿ, ಅವು ಸಾಯುತ್ತವೆ. ಆ ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಸುಮ್ನೆ ಬಿಟ್ಟುಬಿಡಿ.