ದಾವಣಗೆರೆ ಅಂಗಡಿಯ ‘ಇಟಾಲಿಯನ್ ಹವಳ’: ಹೆಸರಿಗೆಷ್ಟು, ಕಲ್ಲಿಗೆಷ್ಟು?

ಕುಜನಿಗೆ ಹವಳದ ಉಂಗುರ ಮಾಡಿಸಬೇಕು ಅಂತ ಬಾಯಿ ಬಿಟ್ಟರೆ ಸಾಕು, ‘ಇಟಾಲಿಯನ್ ಕೊಡ್ಲಾ, ಸಾದಾ ಕೊಡ್ಲಾ’ ಎಂಬ ಪ್ರಶ್ನೆ ಬರುತ್ತದೆ. ಮಂಡಿಪೇಟೆ, ಚೌಕಿಪೇಟೆ ಕಡೆಯ ಬಂಗಾರದಂಗಡಿಗಳಲ್ಲಿ ಇಟಲಿ ಅನ್ನುವುದು ದೇಶದ ಹೆಸರಲ್ಲ, ದರ್ಜೆಯ ಹೆಸರು. ದುಡ್ಡು ಹೆಚ್ಚು ಕೊಡುವುದೂ ಆ ಹೆಸರಿಗೇ. ಹಾಗಾಗಿ ಕಲ್ಲಿಗೆ ಮೊದಲು ಹೆಸರನ್ನು ಒರೆಗೆ ಹಚ್ಚಬೇಕು.

17, 18ನೇ ಶತಮಾನದಲ್ಲಿ ಮೆಡಿಟರೇನಿಯನ್ ಹವಳವನ್ನು ಭಾರತಕ್ಕೆ ಕಳಿಸುತ್ತಿದ್ದ ದೊಡ್ಡ ಪೇಟೆ ಇಟಲಿಯ ಲಿವೊರ್ನೊ ಬಂದರು. ಇಂಗ್ಲಿಷರ ಬಾಯಲ್ಲಿ ಅದು ಲೆಗ್‌ಹಾರ್ನ್. ಕೋಳಿ ಫಾರಂನವರು ಹೇಳುವ ಬಿಳಿ ಲೆಗ್‌ಹಾರ್ನಿಗೆ ಹೆಸರು ಬಂದದ್ದು ಈ ಊರಿನಿಂದಲೇ. ಅಲ್ಲಿ ಹವಳದ ವ್ಯಾಪಾರದಲ್ಲಿ ಮುಂದಿದ್ದವರು ಯಹೂದಿಗಳು. ಸ್ಪೇನ್, ಪೋರ್ಚುಗಲ್‌ಗಳಿಂದ ಹೊರಬಿದ್ದವರ ವಂಶಸ್ಥರನ್ನು ಟಸ್ಕನಿಯ ದೊರೆ ಒಂದನೇ ಫರ್ಡಿನಾಂಡೊ 1591 ಮತ್ತು 1593ರ ಸನ್ನದುಗಳಿಂದ ಕರೆಸಿಕೊಂಡಿದ್ದ. ‘ಲಿವೊರ್ನಿನಾ’ ಎನ್ನುವ ಆ ಸನ್ನದಿನ ಷರತ್ತುಗಳು ವ್ಯಾಪಾರಸ್ಥರ ಮನಸ್ಸು ತಿಳಿದು ಬರೆದಂತಿವೆ: 25 ವರ್ಷದ ಅಭಯ, ಅದನ್ನು ಹಿಂತೆಗೆಯುವುದಾದರೆ ಲೆಕ್ಕ ಚುಕ್ತಾ ಮಾಡಿಕೊಳ್ಳಲು 5 ವರ್ಷ ಮುಂಚಿತ ಸೂಚನೆ, ಮನೆ ಕೊಳ್ಳುವ ಹಕ್ಕು, ಹಿಂದೆ ಬಲವಂತಕ್ಕೆ ಕ್ರೈಸ್ತರಾಗಿದ್ದವರನ್ನು ಚರ್ಚಿನ ಧರ್ಮವಿಚಾರಣೆ (ಇನ್‌ಕ್ವಿಸಿಷನ್) ಮುಟ್ಟದಂತೆ ರಕ್ಷಣೆ. ವೆನಿಸ್, ರೋಮ್‌ಗಳಲ್ಲಿ ಯಹೂದಿಗಳನ್ನು ಗೋಡೆಯೊಳಗಿನ ಕೇರಿಗೆ ತಳ್ಳಿದ್ದರು. ಲಿವೊರ್ನೊದಲ್ಲಿ ಅಂಥ ಕೇರಿ ಯಾವತ್ತೂ ಇರಲಿಲ್ಲ. ಹೊಸದಾಗಿ ಬಂದ ಯಹೂದಿಯನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಸಮುದಾಯದ ಹಿರಿಯರೇ ಮತ ಹಾಕಿ ನಿರ್ಧರಿಸುತ್ತಿದ್ದರು. ಸೇರಿಕೊಂಡವನು ಟಸ್ಕನಿಯ ಪ್ರಜೆ.

ಸಾರ್ಡಿನಿಯಾ, ಕಾರ್ಸಿಕಾ, ಉತ್ತರ ಆಫ್ರಿಕಾದ ಕರಾವಳಿಯಲ್ಲಿ ಎತ್ತಿದ ಹವಳ ಇಲ್ಲಿಗೆ ಬಂದು ಮಣಿಯಾಗುತ್ತಿತ್ತು. ಲಿಸ್ಬನ್ ಮೂಲಕ ಗೋವಾಕ್ಕೆ, ಲಂಡನ್ ಮೂಲಕ ಮದ್ರಾಸಿಗೆ ಹೋಗುತ್ತಿತ್ತು. ಬದಲಿಗೆ ನಮ್ಮ ಕಡೆಯ ವಜ್ರ. ಲಿವೊರ್ನೊದ ಯಹೂದಿ ವ್ಯಾಪಾರಿಗಳು 1704ರಿಂದ 1746ರವರೆಗೆ ನಡೆಸಿದ ಎರ್ಗಾಸ್–ಸಿಲ್ವೆರಾ ಪಾಲುದಾರಿಕೆಯ ಪತ್ರಗಳಲ್ಲಿ ಗೋವಾದ ಸಾರಸ್ವತ ಕಾಮತ್ ಮನೆತನದ ಜೊತೆಗಿನ ವ್ಯವಹಾರ ಸಿಗುತ್ತದೆ. ಯಹೂದಿ ಬರೆದದ್ದು, ಹಿಂದೂ ಓದಿದ್ದು, ಎರಡೂ ಪೋರ್ಚುಗೀಸಿನಲ್ಲಿ! ಮುಖ ನೋಡದವರ ಕೈಗೆ ಸರಕು ಒಪ್ಪಿಸಿ ಕಾಯುವುದೆಂದರೆ ಏನೆಂದು ದಲಾಲಿ ಅಂಗಡಿಗೆ ಮಾಲು ಹಾಕಿ ಗೊತ್ತಿರುವ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕಿದ ಮೇಲೆ ಈ ಕೊಡುಕೊಳ್ಳುವಿಕೆಯ ಒಂದು ಕಾಲು ಕುಂಟಾಯಿತು. ಹವಳದ ಕುಸುರಿ ಕ್ರಮೇಣ ನೇಪಲ್ಸ್ ಹತ್ತಿರದ ಟೊರೆ ಡೆಲ್ ಗ್ರೆಕೊಗೆ ಸರಿಯಿತು. ಲಿವೊರ್ನೊದ ಹಳೆಯ ಸಿನಗಾಗ್ ಎರಡನೇ ಮಹಾಯುದ್ಧದ ಬಾಂಬಿಗೆ ಜಖಂಗೊಂಡು, ಅದೇ ಜಾಗದಲ್ಲಿ 1962ರಲ್ಲಿ ಹೊಸದು ಎದ್ದಿತು.

ಈಗ ಕಲ್ಲಿಗೆ ಬರೋಣ. ಟೊರೆ ಡೆಲ್ ಗ್ರೆಕೊದವರು ಜಪಾನ್, ತೈವಾನ್ ಕಡೆಯ ಹವಳವನ್ನೂ ತರಿಸಿ ಕೊರೆಯುತ್ತಾರೆ. ಆದ್ದರಿಂದ ‘ಇಟಾಲಿಯನ್’ ಎಂದರೆ ಅಲ್ಲಿ ಹುಟ್ಟಿದ್ದೂ ಆಗಬಹುದು, ಬರೀ ಅಲ್ಲಿ ಕಡೆದದ್ದೂ ಆಗಬಹುದು. ಮೆಡಿಟರೇನಿಯನ್ ಹವಳ ಒಳಗೂ ಹೊರಗೂ ಒಂದೇ ಕೆಂಪು. ಜಪಾನಿನದಕ್ಕೆ ನಡುವೆ ಬಿಳಿ ತಿರುಳು. ತಾಳಿಸರದ ಮಣಿಯಾದರೆ ತೂತಿನ ಬಾಯಿ, ಉಂಗುರದ ಕಲ್ಲಾದರೆ ಕೂರಿಸುವ ಮೊದಲು ಬೆನ್ನು ನೋಡಿ. ಬಿಳಿ ಕಂಡರೆ ನಕಲಿ ಅಂತಲ್ಲ, ಹೆಸರು ತಪ್ಪು ಅಷ್ಟೆ.

ನಿಜವಾದ ಮೋಸ ಬಣ್ಣ ಹಾಕಿದ ಬಿದಿರು ಹವಳದ್ದು, ಅಂದರೆ ಬಿದಿರಿನಂತೆ ಗೆಣ್ಣುಗೆಣ್ಣಾಗಿ ಬೆಳೆಯುವ ಅಗ್ಗದ ಜಾತಿಯದ್ದು. ಹತ್ತು ಪಟ್ಟು ಹಿಗ್ಗಿಸುವ ಲೂಪ್ (ಕಲ್ಲು ನೋಡುವ ಪುಟ್ಟ ಭೂತಗನ್ನಡಿ) ಕೇಳಿ. ಅಸಲಿಯಲ್ಲಿ ಮೈಮೇಲಿನ ಗೆರೆಗಳು ಅರ್ಧ ಮಿಲಿಮೀಟರಿಗಿಂತ ಹತ್ತಿರ ಹತ್ತಿರ. ಬಿದಿರಿನದರಲ್ಲಿ ಅಗಲ, ಬರಿಗಣ್ಣಿಗೇ ಕಾಣುತ್ತವೆ, ಬಣ್ಣ ಗೆರೆಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಹತ್ತಿಗೆ ಅಸಿಟೋನ್ ಹಚ್ಚಿ ಬೆನ್ನಿಗೆ ಉಜ್ಜಿದರೆ ಕೆಂಪು ಬಿಡಬಹುದು. ಬಿಡದಿದ್ದರೂ ನಂಬಬೇಡಿ: ಮೇಲೆ ರಾಳದ ಲೇಪ ಇದ್ದರೆ ಹತ್ತಿ ಬೆಳ್ಳಗೇ ಉಳಿಯುತ್ತದೆ. ನೀರಿನಲ್ಲಿ ತೂಗುವ ಪರೀಕ್ಷೆ ಪ್ಲಾಸ್ಟಿಕ್ ಹಿಡಿಯಲು ಮಾತ್ರ. 2 ಗ್ರಾಂ ಹವಳ ನೀರೊಳಗೆ ಸುಮಾರು 0.75 ಗ್ರಾಂ ಕಳೆದುಕೊಳ್ಳುತ್ತದೆ, ಪ್ಲಾಸ್ಟಿಕ್ ಅದಕ್ಕಿಂತ ಬಹಳ ಹೆಚ್ಚು. ಬಿದಿರು ಹವಳವೂ ಅಸಲಿಯಂತೆ ಸುಣ್ಣದ್ದೇ ಆದ್ದರಿಂದ ಸಲೀಸಾಗಿ ಪಾಸಾಗುತ್ತದೆ. ಗಾಜಿನ ತೂಕವೂ ಹತ್ತಿರಹತ್ತಿರ ಅಷ್ಟೇ. ಅದನ್ನು ಲೂಪಿನಲ್ಲಿ ಕಾಣುವ ಗುಳ್ಳೆಯಿಂದ ಗುರುತಿಸಬೇಕು.

ಬಿಲ್ಲಿನಲ್ಲಿ ‘ರತ್ತಿ’ ಬರೆಸಬೇಡಿ. ಗುಲಗಂಜಿ ಲೆಕ್ಕದ ರತ್ತಿ 0.12 ಗ್ರಾಂ, ಕಲ್ಲಿನವರ ರತ್ತಿ 0.18 ಗ್ರಾಂ, ದೊಡ್ಡದಕ್ಕೆ ದುಡ್ಡು ಕೊಟ್ಟು ಚಿಕ್ಕದರಲ್ಲಿ ತೂಗಿಸಿಕೊಂಡರೆ ಆರು ರತ್ತಿಗೆ ಮೂರನೇ ಒಂದು ಭಾಗ ಎತ್ತಲೋ ಹೋಗುತ್ತದೆ. ಕ್ಯಾರೆಟ್ ಅಂದರೆ ಎಲ್ಲೆಡೆ 0.2 ಗ್ರಾಂ. ಬಂಗಾರದ ತೂಕದಿಂದ ಹವಳದ ತೂಕ ಕಳೆದದ್ದನ್ನು ಬೇರೆ ಸಾಲಿನಲ್ಲಿ ಹಾಕಿಸಿ. ಹಾಲ್‌ಮಾರ್ಕ್ ಬಂಗಾರದ ಮಾತಷ್ಟೇ ಹೇಳುತ್ತದೆ, ಕಲ್ಲಿನದಲ್ಲ.

ಬಣ್ಣ, ಕೈಗೆ ಹಗುರ, ಹಿತವಾದ ಹೊಳಪು ಇವಕ್ಕೆ ಪೂರ್ತಿ ಅಂಕ, ಬಾಳಿಕೆಗೆ ಅರ್ಧ. ಗಡಸುತನ ಹತ್ತರ ಮೋಸ್ ಅಳತೆಯಲ್ಲಿ ಮೂರೂವರೆ ಅಷ್ಟೇ, ಕಬ್ಬಿಣದ ಚಾಕುವಿಗೂ ಗೀರು ಬೀಳುತ್ತದೆ. ಹುಳಿ ತಾಗಿದರೆ ಮೇಲ್ಮೈ ಕರಗಿ ಮಂಕಾಗುತ್ತದೆ, ಆದ್ದರಿಂದ ಮಂಡಕ್ಕಿಗೆ ನಿಂಬೆ ಹಿಂಡುವಾಗ ಉಂಗುರ ಪಕ್ಕಕ್ಕಿರಲಿ, ಹುಣಸೆಹಣ್ಣಿನಿಂದ ತೊಳೆಯುವುದಂತೂ ಬೇಡವೇ ಬೇಡ. ಉಂಗುರ ಸಡಿಲಾಗಿ ಬೆಸುಗೆಗೆ ಕೊಟ್ಟರೆ ಕಲ್ಲು ತೆಗೆದೇ ಬೆಂಕಿ ಹಿಡಿಯಲು ಅಕ್ಕಸಾಲಿಗರಿಗೆ ಹೇಳಿ. ಕಾವು ತಗುಲಿದ ಹವಳ ಬಿಳಚಿಕೊಂಡರೆ ಪಾಲಿಶ್‌ನಿಂದ ವಾಪಸ್ ಬರುವುದಿಲ್ಲ. ಬರೀ ಮಂಕಾದದ್ದಾದರೆ ಬರುತ್ತದೆ, ತೂಕ ಮಾತ್ರ ಕೊಂಚ ಇಳಿಯುತ್ತದೆ.